ಮನಿ ಸ್ಟೋರೇಜ್ ಸರ್ವರ್: ಡಿಸ್ಕ್, ಡಬ್ಬಿ, ಕರೆಂಟ್ ಬಗ್ಗೆ ಇಲ್ಲೇ ಕೇಳ್ರಿ

ಸ್ಟೋರೇಜ್ ಇಂಜಿನಿಯರ್, ಬೆಳಗಾವಿ: ಮನ್ಯಾಗ ಫೋಟೊ, ವಿಡಿಯೊ, ಸಿನಿಮಾ ಇಡಾಕ, ಬ್ಯಾಕಪ್ ಮಾಡಾಕ ಸರ್ವರ್ ಕಟ್ಟೋರು ಇಲ್ಲೇ ಕೇಳ್ರಿ. ಕೇಳೂಮುಂದ ಈಗ ಎಷ್ಟು ಟಿಬಿ ಐತಿ, ಯಾವ ಟಿವಿಯಾಗ ನೋಡತೀರಿ, ಕರೆಂಟ್ ಹೋದ್ರ ಇನ್ವರ್ಟರ್ ಐತೋ ಯುಪಿಎಸ್ ಐತೋ ಬರೀರಿ. ಬರೇ "ಬೆಸ್ಟ್ ಯಾವ್ದು" ಅಂದ್ರ ಹೇಳಾಕ ಬರೂದಿಲ್ಲ.

ಗೋಕಾಕ ಮಾಸ್ತರ: ಮೇಡಂ, 2 ಟಿಬಿ ಫೋಟೊ-ವಿಡಿಯೊ ಅದಾವ್ರಿ. ಟಿವಿಗೆ ಸಿನಿಮಾನೂ ಹಚ್ಚಬೇಕು. ಹೊಸಾ ನ್ಯಾಸ್ ಡಬ್ಬಿ (ಡಿಸ್ಕ್ ಹಾಕಿ ನೆಟ್‌ವರ್ಕ್‌ಗೆ ಹಚ್ಚೂ ರೆಡಿಮೇಡ್ ಸರ್ವರ್) ನಮ್ಮ ಬಜೆಟ್‌ಗೆ ಆಗೂದಿಲ್ಲ. ಆಫೀಸಿನ ಹಳೇ ಕಂಪ್ಯೂಟರ್ ನಡೀತೈತೇನ್ರಿ?

ಸ್ಟೋರೇಜ್ ಇಂಜಿನಿಯರ್: ಛಲೋ ನಡೀತೈತಿ. ಇಂಟೆಲ್ 8ನೇ ಜನರೇಷನ್ ಐ3 ಇಲ್ಲಾ ಐ5, 8 ಜಿಬಿ ರ್‍ಯಾಮ್ ಸಾಕು. 6ನೇ ಜನರೇಷನ್ ಅಗ್ಗ ಸಿಗತೈತಿ, ಆದ್ರ 10 ಬಿಟ್ ಎಚ್‌ಇವಿಸಿ ಅನ್ನೂ ನಮೂನಿಯ ವಿಡಿಯೊ ಅದು ಪೂರ್ತಿ ಹಾರ್ಡ್‌ವೇರ್‌ನಾಗ ಬಿಡಸೂದಿಲ್ಲ, ಈಗಿನ 4ಕೆ ಫೈಲ್ ಹೆಚ್ಚಿನವು ಅವ. ಅಂಗೈಯಷ್ಟು ಮಿನಿ ಪಿಸಿ ತಗೋಬ್ಯಾಡ್ರಿ, ಅದರಾಗ 3.5 ಇಂಚಿನ ಡಿಸ್ಕ್ ಕೂಡೂದಿಲ್ಲ. ರೊಕ್ಕ ಕೊಡೂಕಿಂತ ಮದ್ಲ ಮುಚ್ಚಳ ತಗಿಸಿ, 3.5 ಇಂಚಿನ ಜಾಗ ಎಷ್ಟು, ಸಾಟಾ (ಡಿಸ್ಕ್ ಹಚ್ಚೂ ಕನೆಕ್ಟರ್) ಪವರ್ ವೈರ್ ಎಷ್ಟು ಅಂತ ಎಣಿಸ್ರಿ. ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗೆ ಬಾಳ ಸಲ ಬಜಾರದ ಪವರ್ ಸಪ್ಲೈ ಕೂಡೂದಿಲ್ಲ, ಕನೆಕ್ಟರ್ ಬ್ಯಾರೆ. ವೈರ್ ಕಡಿಮಿ ಬಿದ್ದು ಮೋಲೆಕ್ಸ್ ಅನ್ನೂ ಹಳೇ ಕನೆಕ್ಟರ್‌ನಿಂದ ಸಾಟಾ ಮಾಡೂ ಕೇಬಲ್ ಹಾಕೂದಾದ್ರ ಪ್ಲಾಸ್ಟಿಕ್ ಎರಕ ಹೊಯ್ದದ್ದು ಬ್ಯಾಡ. ಒಳಗ ವೈರ್ ಸರದು ಶಾರ್ಟ್ ಆಗಿ ಬೆಂಕಿ ಹತ್ತತೈತಿ. ಪಿನ್ನಿಗೆ ವೈರ್ ಒತ್ತಿ ಕೂಡಿಸಿದ್ದು ತಗೋರಿ.

ಡಿಸ್ಕ್: 4 ಟಿಬಿ ಎರಡು, ಮಿರರ್, ಅಂದ್ರ ಎರಡರಾಗೂ ಅದ ಡೇಟಾ. ಸಿಎಂಆರ್ (ಟ್ರ್ಯಾಕ್ ಬಿಡಿ ಬಿಡಿ ಇರೂದು) ಅಂತ ಖಾತ್ರಿ ಮಾಡ್ಕೋರಿ. ಎಸ್‌ಎಂಆರ್ ಡಿಸ್ಕ್‌ನಾಗ ಟ್ರ್ಯಾಕ್‌ಗಳು ಮನಿ ಹಂಚಿನಂಗ ಒಂದರ ಮ್ಯಾಲೊಂದು ಕುಂತಿರತಾವ, ಒಂದು ಬದಲಿಸಬೇಕಂದ್ರ ಬಾಜೂದ್ದೂ ತಿರಗಿ ಬರೀಬೇಕು. ಬಾಳ ಬರದಾಗ ಡಿಸ್ಕ್ ಉತ್ತರಾನ ಕೊಡದಂಗ ನಿಲ್ಲತೈತಿ. ಸೀಗೇಟ್ ಐರನ್‌ವುಲ್ಫ್, ಡಬ್ಲ್ಯೂಡಿ ರೆಡ್ ಪ್ಲಸ್ ಸಿಎಂಆರ್. "ಪ್ಲಸ್" ಇಲ್ಲದ ರೆಡ್ 2ರಿಂದ 6 ಟಿಬಿ ಎಸ್‌ಎಂಆರ್. 2020ರಾಗ ಗಿರಾಕಿಗಳು ಹಿಡದು ಕೇಳಿದ ಮ್ಯಾಲ ಕಂಪನಿ ಹೆಸರು ಬ್ಯಾರೆ ಮಾಡಿತು. ಸೀಗೇಟ್ ಬಾರಾಕುಡಾದಾಗ 4 ಮತ್ತ 8 ಟಿಬಿ ಎಸ್‌ಎಂಆರ್.

ಮೂರನೇದು ಒಂದು ಪೋರ್ಟಬಲ್ ಡಿಸ್ಕ್. ವಾರಕ್ಕೊಮ್ಮೆ ಕಾಪಿ ಹಾಕಿ ಬ್ಯಾರೆ ಮನ್ಯಾಗ ಇಡ್ರಿ. ಮಿರರ್ ಅಂದ್ರ ಬ್ಯಾಕಪ್ ಅಲ್ಲ. ನೀವು ತಪ್ಪಿ ಅಳಿಸಿದ್ದು ಎರಡೂ ಕಡೆ ಒಮ್ಮೆಲೇ ಅಳಿಸಿ ಹೋಗತೈತಿ.

ಹುನಗುಂದ: ರಾಸ್‌ಬೆರಿ ಪೈ (ಅಂಗೈಯಷ್ಟು ಸಣ್ಣ ಕಂಪ್ಯೂಟರ್ ಬೋರ್ಡ್) ನಡೀತೈತೇನ್ರಿ ಮೇಡಂ?

ಸ್ಟೋರೇಜ್ ಇಂಜಿನಿಯರ್: ಬ್ಯಾಕಪ್‌ಗೆ ನಡೀತೈತಿ. ಸಿನಿಮಾ ಟ್ರಾನ್ಸ್‌ಕೋಡ್‌ಗೆ (ಟಿವಿಗೆ ಹೊಂದೂ ನಮೂನಿಗೆ ಬದಲಿಸಾಕ) ಇಲ್ಲ, ಪೈ 5ರಾಗ ವಿಡಿಯೊ ಎನ್‌ಕೋಡರ್ ಹಾರ್ಡ್‌ವೇರೇ ಇಲ್ಲ. ಡಿಸ್ಕ್‌ಗೆ ಬ್ಯಾರೆ ಅಡಾಪ್ಟರ್ ಕೊಡ್ರಿ, ಪೈದ ಯುಎಸ್‌ಬಿಯಿಂದ ಎಳೀಬ್ಯಾಡ್ರಿ.

ವಿಜಯಪುರ, ಜಲನಗರ: ಅಕ್ಕಾರ, ನಮ್ಮಲ್ಲಿ ಇನ್ವರ್ಟರ್ ಐತಿ. ಯುಪಿಎಸ್ ಬ್ಯಾರೆ ಬೇಕಾ? ಮತ್ತ ಬ್ಯಾಸಗಿಯಾಗ ರೂಮ್ 40 ಡಿಗ್ರಿ ಆಗತೈತಿ.

ಸ್ಟೋರೇಜ್ ಇಂಜಿನಿಯರ್: ಇನ್ವರ್ಟರ್ ಹಿಂದ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ರ ಅದಕ್ಕ ಹಾಕ್ರಿ. ಇಲ್ಲಂದ್ರ ಕರೆಂಟ್ ಬದಲಾಗೂ ಹೊತ್ತಿನ್ಯಾಗ ಕಂಪ್ಯೂಟರ್ ಬಂದ್ ಬೀಳತೈತಿ. ಕಂಪ್ಯೂಟರ್‌ನ ಸಪ್ಲೈ ತಡಕೊಳ್ಳೂದು 16 ಮಿಲಿಸೆಕೆಂಡ್ ಸುಮಾರು, ಅಷ್ಟ. ಸಣ್ಣ ಯುಪಿಎಸ್ ಬೇಕ ಬೇಕು, ಯಾಕಂದ್ರ ಬ್ಯಾಟರಿ ಮುಗೀತು ಅಂತ ಸರ್ವರ್‌ಗೆ ಹೇಳಿ ಅದನ್ನ ತಾನಾಗಿ ಬಂದ್ ಮಾಡಸೂದು ಇನ್ವರ್ಟರ್‌ಗೆ ಬರೂದಿಲ್ಲ. ಹಿಂದ ಯುಎಸ್‌ಬಿ ಪೋರ್ಟ್ ಇರೂ ಮಾಡೆಲ್ ಕೇಳ್ರಿ, ಅಗ್ಗದ 600 ವಿಎದಾಗ ಬಾಳ ಸಲ ಇರೂದಿಲ್ಲ. ಇನ್ವರ್ಟರ್ ಸ್ಕ್ವೇರ್ ವೇವ್ ಇದ್ರ ಯುಪಿಎಸ್ ಅದನ್ನ ಕೆಟ್ಟ ಕರೆಂಟ್ ಅಂತ ತಿಳದು ತನ್ನ ಬ್ಯಾಟರಿ ತಿನಕೋತ ಕುಂಡರತೈತಿ. ಸೈನ್ ವೇವ್ ಇರಲಿ.

ರೂಮೇ 40 ಇದ್ದಾಗ ಡಿಸ್ಕ್ 45ರಾಗ ನಿಲ್ಲೂದಿಲ್ಲ, 50 ದಾಟದಂಗ ನೋಡ್ರಿ. 7200 ಬಿಟ್ಟು 5400 ಸುತ್ತಿನ ಡಿಸ್ಕ್, ಎದುರಿಗೆ 120 ಮಿಮೀ ಫ್ಯಾನ್, ಎರಡು ಡಿಸ್ಕ್ ನಡುವ ಗಾಳಿ ಹಾಯೂ ಜಾಗ. ಟಿವಿ ಕೆಳಗಿನ ಗಾಜಿನ ಕಪಾಟದಾಗ ಇಡಬ್ಯಾಡ್ರಿ. ಸ್ಕ್ರಬ್ (ಡಿಸ್ಕಿನ ಡೇಟಾ ಎಲ್ಲಾ ಓದಿ ತಪಾಸಣಿ), ದೊಡ್ಡ ಕಾಪಿ ಎಲ್ಲಾ ರಾತ್ರಿ 2ಕ್ಕ ಹಚ್ಚ್ರಿ.

ಜಮಖಂಡಿ ಸ್ಟುಡಿಯೊ: ಮೇಡಂ ಅರ್ಜೆಂಟ್. ನಾಲ್ಕು ಬೇ (ಡಿಸ್ಕ್ ಖಾನೆ) ಡಬ್ಬಿ, 4 ಟಿಬಿ ಬಾರಾಕುಡಾ ನಾಲ್ಕು, ರೇಡ್ 5 (ನಾಲ್ಕೂ ಕೂಡಿಸಿ ಒಂದ ಡಿಸ್ಕಿನಂಗ ಮಾಡಿದ್ದು). 2019ರಿಂದ ಮಾಡಿದ ಮದುವಿ ವಿಡಿಯೊ ಎಲ್ಲಾ ಅದರಾಗ, 9 ಟಿಬಿ. ಬ್ಯಾರೆ ಕಾಪಿ ಇಲ್ರಿ. ನಿನ್ನೆ ರಾತ್ರಿ ಒಂದನೇ ಡಿಸ್ಕ್ ಕೆಂಪು ಲೈಟ್ ಬಂತು. ಮೂರನೇ ಡಿಸ್ಕ್‌ದಾಗ ಸ್ಮಾರ್ಟ್ ವರದಿಯ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡೂದು) 197 ಅನ್ನೂ ಸಾಲಿನ್ಯಾಗ 48 ತೋರಸತೈತಿ. ಹೊಸಾ ಡಿಸ್ಕ್ ತಂದೀನಿ, ಈಗ ಹಾಕಿ ರಿಬಿಲ್ಡ್ ಒತ್ತಲೇನ್ರಿ?

ಸ್ಟೋರೇಜ್ ಇಂಜಿನಿಯರ್: ಒತ್ತಬ್ಯಾಡ್ರಿ. ಹೊಸಾ ಡಿಸ್ಕ್ ಡಬ್ಬಿಯೊಳಗ ಹಾಕಲೂ ಬ್ಯಾಡ್ರಿ, ಕೆಲವು ಡಬ್ಬಿ ಕೇಳದ ರಿಬಿಲ್ಡ್ ಚಾಲೂ ಮಾಡತಾವ. ಈಗ ಮೆನುದಿಂದ ಶಟ್‌ಡೌನ್ ಮಾಡ್ರಿ, ಆಮ್ಯಾಲ ಉಳದದ್ದು ಓದ್ರಿ.

ಯಾಕಂದ್ರ: ರಿಬಿಲ್ಡ್ ಅಂದ್ರ ಹೋದ ಡಿಸ್ಕಿನ ಡೇಟಾ ಹೊಸಾದಕ್ಕ ತಿರಗಿ ಕಟ್ಟೂದು, ಅದಕ್ಕ ಉಳದ ಮೂರೂ ಡಿಸ್ಕ್ ಮದ್ಲಿಂದ ಕಡೀ ತನಕ ಓದಬೇಕು. 197 ಅಂದ್ರ ಓದಾಕ ಬರದ ಸೆಕ್ಟರ್, ನಿಮ್ಮಲ್ಲಿ 48 ಅದಾವ. ಆ ಜಾಗಕ್ಕ ಬಂದಾಗ ಡಬ್ಬಿ ಮೂರನೇ ಡಿಸ್ಕ್‌ನೂ ಹೊರಗ ಹಾಕಬಹುದು. ರೇಡ್ 5 ಒಂದು ಡಿಸ್ಕ್ ಹೋದ್ರ ತಡೀತೈತಿ, ಎರಡು ತಡಿಯೂದಿಲ್ಲ. ನೀವು ತಂದ ಹೊಸಾದೂ ಬಾರಾಕುಡಾ ಇದ್ರ ಅದೂ ಎಸ್‌ಎಂಆರ್, ತಾಸುಗಳ ಕೆಲಸ ದಿನಗಟ್ಟಲೆ ಎಳೀತೈತಿ.

ಮಾಡೂದು ಹಿಂಗ. ಡಿಸ್ಕ್ ತಗಿಯೂಕಿಂತ ಮದ್ಲ ಫೋಟೊ ಹೊಡೀರಿ, 1, 2, 3, 4 ಅಂತ ಚೀಟಿ ಅಂಟಿಸ್ರಿ, ಸೀರಿಯಲ್ ನಂಬರ್ ಬರದು ಇಟ್ಕೋರಿ. ಎರಡು ದೊಡ್ಡ ಸಿಎಂಆರ್ ಡಿಸ್ಕ್ ಬೇಕು: 18 ಟಿಬಿ ಒಂದು, ನಾಲ್ಕೂ ಡಿಸ್ಕಿನ ಇಮೇಜ್ ಅಂದ್ರ ಇದ್ದಂಗ ಪೂರ್ತಿ ನಕಲು, ಕ್ಲೋನ್, ಇಡಾಕ (4 ಗುಣಿಲೆ 4 ಅಂದ್ರ 16, ಆದ್ರ 16 ಟಿಬಿ ಡಿಸ್ಕ್ ಫಾರ್ಮ್ಯಾಟ್ ಮಾಡಿದ ಮ್ಯಾಲ ಅಷ್ಟು ಹಿಡಿಯೂದಿಲ್ಲ). 12 ಟಿಬಿ ಒಂದು, ತಗದ ಫೈಲ್ ಇಡಾಕ. ಖರ್ಚು ಬಾಳ ಅನಸತೈತಿ, ಆದ್ರ ಕೆಲಸ ಮುಗದ ಮ್ಯಾಲ ಇವ ಎರಡು ನಿಮಗ ಬೇಕಾದ ಬ್ಯಾಕಪ್ ಆಗತಾವ.

ಡಿಸ್ಕ್‌ಗಳನ್ನ ಕಂಪ್ಯೂಟರ್ ಬೋರ್ಡಿನ ಸಾಟಾಕ್ಕ ನೇರ ಹಚ್ಚ್ರಿ. ಯುಎಸ್‌ಬಿ ಡಾಕ್ ಬ್ಯಾಡ, ಕೆಟ್ಟ ಸೆಕ್ಟರ್ ಬಂದ್ರ ಅದು ತಾನ ಹ್ಯಾಂಗ್ ಆಗತೈತಿ. ವಿಂಡೋಸ್ ಚಾಲೂ ಮಾಡಬ್ಯಾಡ್ರಿ. "ಇನಿಶಿಯಲೈಸ್ ಡಿಸ್ಕ್" ಅಂತ ಕೇಳತೈತಿ, ಯಾರರ ಓಕೆ ಒತ್ತಿದ್ರ ಡಿಸ್ಕಿನ ತುದಿಯಾಗಿನ ಮಾಹಿತಿ ಮ್ಯಾಲ ಬರೀತೈತಿ. ಸಿಸ್ಟಂರೆಸ್ಕ್ಯೂ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನೂ ಕ್ಲೋನ್ ಮಾಡೂ ಸಾಫ್ಟ್‌ವೇರ್ ಓಡಸ್ರಿ. ಮದ್ಲ ಮೂರನೇ ಡಿಸ್ಕ್, ಅದ ಸಾಯಾಕತ್ತಿದ್ದು. ಮದ್ಲ ಸುತ್ತು "ಎನ್" ಆಪ್ಷನ್ ಹಾಕಿ, ಅಂದ್ರ ಓದಾಕ ಬರೂದನ್ನ ಲಗೂನ ತಗೊಂಡು ಕೆಟ್ಟ ಜಾಗ ಕೆದಕದ ಮುಂದ ಹೋಗತೈತಿ. ಎರಡನೇ ಸುತ್ತು "ಆರ್ 3", ಬಿಟ್ಟ ಜಾಗ ಮೂರು ಸಲ ಓದತೈತಿ. ಮ್ಯಾಪ್ ಫೈಲ್ (ಎಲ್ಲಿ ತನಕ ಓದೈತಿ ಅನ್ನೂ ಲೆಕ್ಕ) ಬ್ಯಾರೆ ಪೆನ್‌ಡ್ರೈವ್‌ನಾಗ ಇಡ್ರಿ, ನಡುವ ಕರೆಂಟ್ ಹೋದ್ರ ಅಲ್ಲಿಂದನ ಮುಂದುವರೀತೈತಿ. ಯಾವ್ದರಿಂದ ಯಾವ್ದಕ್ಕ ಅನ್ನೂದನ್ನ ಸೀರಿಯಲ್ ನಂಬರ್ ನೋಡೇ ಖಾತ್ರಿ ಮಾಡ್ರಿ. ಎಸ್‌ಡಿಎ, ಎಸ್‌ಡಿಬಿ ಹೆಸರು ರೀಸ್ಟಾರ್ಟ್‌ಗೆ ಅದಲಬದಲ ಆಗತಾವ, ತಿರಗಾಮುರಗಾ ಆದ್ರ ಖಾಲಿ ಡಿಸ್ಕ್ ನಿಮ್ಮ ಡೇಟಾ ಮ್ಯಾಲ ಬರೀತೈತಿ. ಟಕ್ ಟಕ್ ಸಪ್ಪಳ ಬಂದ್ರ ಅಲ್ಲೇ ಬಂದ್ ಮಾಡ್ರಿ, ಅದು ಲ್ಯಾಬ್ ಕೆಲಸ.

ಒಂದನೇ ಡಿಸ್ಕಿನ ಸ್ಮಾರ್ಟ್ ವರದಿ ಕಳಸ್ರಿ. 5, 197, 198, 199 ಈ ನಾಲ್ಕು ಸಾಲು ಬೇಕು. ನಾನು ರಾತ್ರಿ 11ರ ತನಕ ನೋಡತಿರತೀನಿ.

ಅಥಣಿ: ಜಮಖಂಡಿ ಅಣ್ಣಾರ, ಇದು ಬಂದೈತಿ ನೋಡ್ರಿ, ಫಾರ್ವರ್ಡ್: "ಕೆಟ್ಟ ಹಾರ್ಡ್ ಡಿಸ್ಕ್ ಪ್ಲಾಸ್ಟಿಕ್ ಚೀಲದಾಗ ಸುತ್ತಿ 4 ತಾಸು ಫ್ರೀಜರ್‌ನಾಗ ಇಟ್ರ ಡೇಟಾ ವಾಪಸ್ ಬರತೈತಿ. ಎಲ್ಲರಿಗೂ ಕಳಸ್ರಿ."

ಸ್ಟೋರೇಜ್ ಇಂಜಿನಿಯರ್: ಅಥಣಿಯವರ, ಇದನ್ನ ಈಗಿಂದೀಗ ಅಳಸ್ರಿ. ಫ್ರೀಜರ್‌ನಿಂದ ತಗದ ಕೂಡ್ಲೇ ಒಳಗಿನ ಪ್ಲೇಟಿನ ಮ್ಯಾಲ ನೀರಿನ ಪಸೆ ಕೂಡತೈತಿ. ಹೆಡ್ ಪ್ಲೇಟಿನಿಂದ ಕೆಲವು ನ್ಯಾನೊಮೀಟರ್ ಎತ್ತರದಾಗ ಓಡತೈತಿ, ಪಸೆ ತಾಗಿದ್ರ ಪ್ಲೇಟ್ ಗೀರಿ ಹೋಗತೈತಿ. ಲ್ಯಾಬ್‌ಗೆ ಕಳಸಿದ್ರ ಬರಬೇಕಾಗಿದ್ದೂ ಆಮ್ಯಾಲ ಬರೂದಿಲ್ಲ. ಒಬ್ಬ ಮನಿಷ್ಯಾನ ಐದಾರು ವರ್ಷದ ದುಡಿಮಿ ನಡುವ ಸಿಗಬಿದ್ದಾಗ ಇಂಥಾ ಕಾಗದ ಹಾಕಬ್ಯಾಡ್ರಿ.

ಅಥಣಿ: ನಾ ಬರೇ ಫಾರ್ವರ್ಡ್ ಮಾಡೀನ್ರಿ, ಮಾಡ್ರಿ ಅಂತ ಹೇಳಿಲ್ಲ.

ರಬಕವಿ: ಫ್ರೀಜರ್ ಬಿಡ್ರಿ, ಚೆಕ್‌ಡಿಸ್ಕ್ ಹಚ್ಚಿದ್ರ ಸರಿ ಆಗತೈತಲಾ?

ಸ್ಟೋರೇಜ್ ಇಂಜಿನಿಯರ್: ಇಲ್ಲ. ಚೆಕ್‌ಡಿಸ್ಕ್ ಸಾಯೂ ಡಿಸ್ಕಿನ ಮ್ಯಾಲ ಬರೀತೈತಿ, ಅರ್ಧ ಓದಿದ ಫೋಲ್ಡರ್ ಕತ್ತರಿಸಿ ಬಿಸಾಡತೈತಿ. ಕ್ಲೋನ್ ಆಗೂ ತನಕ ಯಾವ ರಿಪೇರಿ ಸಾಫ್ಟ್‌ವೇರೂ ಬ್ಯಾಡ.

ಬಾಗಲಕೋಟ, ನವನಗರ: ಅದಕ್ಕ ನಾ ಹೇಳೂದು, ರೆಡಿಮೇಡ್ ಡಬ್ಬಿ ತಗೊಳ್ಳೂದ ತಪ್ಪು. ಸ್ವಂತ ಕಟ್ಟ್ರಿ. ಎನ್100 (ಇಂಟೆಲ್‌ನ ಕಡಿಮಿ ಕರೆಂಟಿನ ಚಿಪ್) ಬೋರ್ಡ್, ಝಡ್‌ಎಫ್‌ಎಸ್ (ಡಿಸ್ಕ್ ಕೂಡಿಸಿ ಫೈಲ್ ಇಡೂ ಸಾಫ್ಟ್‌ವೇರ್), ಮುಗೀತು.

ಬೆಳಗಾವಿ, ಟಿಳಕವಾಡಿ: ಸಿನಾಲಜಿ ಕಂಪನಿ ಡಬ್ಬಿ ತಗೊಂಡೋರಿಗೆ ಇಂಥಾ ತ್ರಾಸ ಇಲ್ಲ. ಅಪ್‌ಡೇಟ್, ಫೋಟೊ ಆ್ಯಪ್ ಎಲ್ಲಾ ಬರತೈತಿ. ಎಲ್ಲಾರೂ ಲಿನಕ್ಸ್ ಕಲೀಬೇಕಾ?

ನವನಗರ: 2025ರ ಪ್ಲಸ್ ಮಾಡೆಲ್‌ನಾಗ ತಮ್ಮ ಡಿಸ್ಕ್ ಬಿಟ್ಟು ಬ್ಯಾರೆ ಹಾಕಾಕ ಬಿಡಲಿಲ್ಲ, ಅದು ತ್ರಾಸ ಅಲ್ಲೇನು?

ಟಿಳಕವಾಡಿ: ಅದನ್ನ ಅದ ವರ್ಷ ಅಕ್ಟೋಬರ್‌ನಾಗ ವಾಪಸ್ ತಗೊಂಡ್ರು, ಅವರ ಡಿಎಸ್‌ಎಂ ಸಾಫ್ಟ್‌ವೇರ್ 7.3ದಾಗ. ಪೂರ್ತಿ ಓದಿ ಮಾತಾಡ್ರಿ.

ನವನಗರ: ವಾಪಸ್ ತಗೊಂಡ್ರು, ಗಿರಾಕಿ ಬೈದ ಮ್ಯಾಲ. ಮತ್ತ ಡಿಎಸ್925 ಪ್ಲಸ್‌ನಾಗ ಗ್ರಾಫಿಕ್ಸೇ ಇಲ್ಲ, ಸಿನಿಮಾ ಟ್ರಾನ್ಸ್‌ಕೋಡ್ ಯಾವ್ದರಾಗ ಮಾಡತೀರಿ? ಕಂಪನಿ ಏಜೆಂಟ್ ಇದ್ದಂಗ ಮಾತಾಡತೀರಿ.

ಟಿಳಕವಾಡಿ: ಮಾತು ಸರಿ ಇರಲಿ. ನಿಮ್ಮ ಎನ್100 ಬೋರ್ಡಿನ್ಯಾಗ ಸಾಟಾ ಎಷ್ಟು ಅದಾವ ಹೇಳ್ರಿ ನೋಡೂನು.

ನವನಗರ: ಕಾರ್ಡ್ ಹಾಕಿದ್ರ ಆರು.

ಸ್ಟೋರೇಜ್ ಇಂಜಿನಿಯರ್: ಕಾರ್ಡ್ ಅಂದ್ರ ಎಎಸ್‌ಎಂ1166 ಇಲ್ಲಾ ಜೆಎಂಬಿ585 ಚಿಪ್ ಇರೂದು. ಒಂದು ಪೋರ್ಟಿನಿಂದ ಹಲವು ಮಾಡೂ ಪೋರ್ಟ್ ಮಲ್ಟಿಪ್ಲೈಯರ್ ಕಾರ್ಡ್ ಬ್ಯಾಡ, ಒಂದು ಡಿಸ್ಕ್ ಕೈ ಕೊಟ್ರ ಬಾಜೂದ್ದೂ ಬೀಳತಾವ. ನಾಲ್ಕು ಡಿಸ್ಕ್ ಒಮ್ಮೆಲೇ ತಿರಗಾಕ ಹತ್ತಿದಾಗ ಒಂದಕ್ಕ 12 ವೋಲ್ಟ್‌ದಾಗ ಸುಮಾರು 2 ಆಂಪ್ ಬೇಕು, ಅಂದ್ರ 96 ವ್ಯಾಟ್. 60 ವ್ಯಾಟ್ ಅಡಾಪ್ಟರ್ ಹಾಕಿ ಡಿಸ್ಕ್ ಕಾಣವಲ್ದು ಅಂತ ಬರಬ್ಯಾಡ್ರಿ. ಮನ್ಯಾಗ ಯಾರೂ ಟರ್ಮಿನಲ್ ಮುಟ್ಟೂದಿಲ್ಲ ಅಂದ್ರ ರೆಡಿಮೇಡ್ ತಗೋರಿ, ಮುಟ್ಟೋರು ಸ್ವಂತ ಕಟ್ಟ್ರಿ. ಇನ್ನ ಈ ಜಗಳ ಸಾಕು.

ಮುಧೋಳ: ಮೇಡಂ, ನಮ್ಮೂರ ಪಾರಿಜಾತದ ಆಟ ಶೂಟ್ ಮಾಡಿದ ಮಿನಿ ಡಿವಿ ಕ್ಯಾಸೆಟ್ 60 ಅದಾವ, ಒಂದೊಂದು ತಾಸಿನ್ವು. ಕಂಪ್ಯೂಟರ್‌ಗೆ ಹಾಕಿ ಇಡಬೇಕು. ಎಷ್ಟು ಜಾಗ ಬೇಕು? ಎಂಪಿ4 ಮಾಡಿ ಸಣ್ಣದು ಮಾಡಲೇನು?

ಸ್ಟೋರೇಜ್ ಇಂಜಿನಿಯರ್: ಮೂಲ ಸಣ್ಣದು ಮಾಡಬ್ಯಾಡ್ರಿ. ಡಿವಿ ತಾಸಿಗೆ ಸುಮಾರು 13 ಜಿಬಿ, 60 ತಾಸಿಗೆ 780 ಜಿಬಿ. ಇವತ್ತಿನ ಡಿಸ್ಕ್‌ಗೆ ಅದು ಏನೂ ಅಲ್ಲ. ಕ್ಯಾಮೆರಾದಿಂದ ಫೈರ್‌ವೈರ್ ಕಾರ್ಡ್ ಮೂಲಕ ತಗೋರಿ, ಲಿನಕ್ಸ್‌ನಾಗ ಡಿವಿಗ್ರ್ಯಾಬ್ ಸಾಫ್ಟ್‌ವೇರ್. ಹಂಗ ತಗೊಂಡ್ರ ಟೇಪಿನ ಮ್ಯಾಲಿದ್ದ ಡಿಜಿಟಲ್ ಡೇಟಾನ ಇದ್ದಂಗ ಬರತೈತಿ. ಹಳದಿ-ಕೆಂಪು-ಬಿಳಿ ವೈರ್‌ನ ಯುಎಸ್‌ಬಿ ಕ್ಯಾಪ್ಚರ್ ಕಡ್ಡಿ ಬ್ಯಾಡ, ಅದು ಅನಲಾಗ್ ಮಾಡಿ ತಿರಗಿ ಡಿಜಿಟಲ್ ಮಾಡತೈತಿ. ಎಂಪಿ4 ಊರಾಗ ಹಂಚಾಕ ಬ್ಯಾರೆ ಮಾಡ್ರಿ. ಫೈಲ್ ಬಂದ ದಿನಾನ ಚೆಕ್‌ಸಮ್ (ಫೈಲ್ ಬದಲಾದ್ರ ತೋರಸೂ ನಂಬರ್) ಬರದು ಇಟ್ಟು ವರ್ಷಕ್ಕೊಮ್ಮೆ ತಾಳೆ ನೋಡ್ರಿ. ಎರಡು ಡಿಸ್ಕ್, ಒಂದು ಬ್ಯಾರೆ ಊರಾಗ. ಕ್ಯಾಸೆಟ್ ಬಿಸಾಡಬ್ಯಾಡ್ರಿ, ಆದ್ರ ಕ್ಯಾಮೆರಾ ನಡಿಯೂ ತನಕ ಅಷ್ಟ ಅವು ಉಪಯೋಗ. ಈ ತಿಂಗಳ ಶುರು ಮಾಡ್ರಿ.

ಬೀಳಗಿ: ರಾಸ್‌ಬೆರಿ ಪೈ 4 ಐತಿ, ಅದರಾಗ ಸರ್ವರ್ ಆಗತೈತಾ?

ಸ್ಟೋರೇಜ್ ಇಂಜಿನಿಯರ್: ಮ್ಯಾಲ ಐತಿ.

ಚಿಕ್ಕೋಡಿ: ಆನ್‌ಲೈನ್‌ನಾಗ 16 ಟಿಬಿ ಸೀಗೇಟ್ ಎಕ್ಸೋಸ್ ಡಿಸ್ಕ್ ಅಗ್ಗ ಅದಾವ, ಸ್ಮಾರ್ಟ್‌ನಾಗ ಓಡಿದ್ದು 0 ತಾಸು. ತಗೋಬಹುದಾ?

ಸ್ಟೋರೇಜ್ ಇಂಜಿನಿಯರ್: ಸ್ಮಾರ್ಟಿನ ಸೊನ್ನಿ ನಂಬಬ್ಯಾಡ್ರಿ. ಡೇಟಾ ಸೆಂಟರ್‌ದಾಗ ಓಡಿದ ಸೀಗೇಟ್ ಡಿಸ್ಕಿನ ಲೆಕ್ಕ ಅಳಿಸಿ ಹೊಸಾದಂತ ಮಾರಿದ್ದು 2025ರ ಶುರುವಿನ್ಯಾಗ ಯೂರೋಪಿನ್ಯಾಗ ಹೊರಗ ಬಂತು. ಸ್ಮಾರ್ಟ್‌ಸಿಟಿಎಲ್ 7.4ರಾಗ ಫಾರ್ಮ್ ಲಾಗ್ (ಸೀಗೇಟ್ ಡಿಸ್ಕ್ ಬ್ಯಾರೆ ಇಡೂ ಲೆಕ್ಕ) ಓದ್ರಿ, ಅಲ್ಲಿಯ ತಾಸು ಸ್ಮಾರ್ಟಿಗೆ ತಾಳೆ ಆಗಬೇಕು. ಆಗಲಿಲ್ಲಂದ್ರ ವಾಪಸ್ ಕಳಸ್ರಿ.

ಸಿಂದಗಿ: 24 ತಾಸು ಹಚ್ಚಿಟ್ರ ಹೆಸ್ಕಾಂ ಬಿಲ್ ಎಷ್ಟು ಏರತೈತಿ?

ಸ್ಟೋರೇಜ್ ಇಂಜಿನಿಯರ್: 35 ವ್ಯಾಟ್ ಅಂತ ಹಿಡೀರಿ, ತಿಂಗಳಿಗೆ 25 ಯುನಿಟ್. ಗೃಹಜ್ಯೋತಿಯಾಗ ಇದ್ದೋರು 200ರ ಗೆರಿ ಹತ್ರ ಇದ್ರ ಲೆಕ್ಕ ಹಾಕಿ ಇಡ್ರಿ.

ಬೈಲಹೊಂಗಲ: ಟಿವಿಗೆ ಲ್ಯಾನ್ ಹಚ್ಚಿದ್ರ 4ಕೆ ತಡೀತೈತಿ, ವೈಫೈನಾಗ ಛಲೋ ಓಡತೈತಿ. ಕೇಬಲ್ ಕೆಟ್ಟೈತಾ?

ನವನಗರ: ಹೆಚ್ಚಿನ ಟಿವಿಯ ಲ್ಯಾನ್ ಪೋರ್ಟೇ 100 ಎಂಬಿಪಿಎಸ್ ಇರತೈತ್ರಿ. ದೊಡ್ಡ ಫೈಲ್ ಅದನ್ನ ದಾಟತಾವ. 5 ಗಿಗಾಹರ್ಟ್ಸ್ ವೈಫೈ ಇರಲಿ.

ಟಿಳಕವಾಡಿ: ಇದೊಂದು ಸರಿ ಹೇಳೀರಿ.

ನವನಗರ: ನಿಮ್ಮ ಸರ್ಟಿಫಿಕೇಟ್ ಯಾರೂ ಕೇಳಿಲ್ಲ.

ನಿಪ್ಪಾಣಿ: ಹೊರಗಿಂದ ಮೊಬೈಲ್‌ನಾಗ ಸರ್ವರ್ ನೋಡೂದು ಹೆಂಗ? ಫೈಬರ್ ಕಂಪನಿ ಪಬ್ಲಿಕ್ ಐಪಿ ಕೊಡವಲ್ರು.

ಜಮಖಂಡಿ ಸ್ಟುಡಿಯೊ: ಮೇಡಂ, 18 ಮತ್ತ 12 ಟಿಬಿ ಡಿಸ್ಕ್ ತಂದು ಮೂರನೇದು ಹಚ್ಚಿದೆ. ಮದ್ಲ ಸುತ್ತು ಮುಗೀತು, 38 ಎಂಬಿ ಉಳದೈತಿ. ಸಪ್ಪಳ ಇಲ್ಲ. ಒಂದನೇ ಡಿಸ್ಕಿನ ವರದಿ: 5 ಸೊನ್ನಿ, 197 ಸೊನ್ನಿ, 198 ಸೊನ್ನಿ, 199 ಮಾತ್ರ 1312.

ಸ್ಟೋರೇಜ್ ಇಂಜಿನಿಯರ್: ಬಾಳ ಛಲೋ ಸುದ್ದಿ. 199 ಅಂದ್ರ ಕೇಬಲ್ ಇಲ್ಲಾ ಡಬ್ಬಿಯ ಸ್ಲಾಟಿನ ಸಂಪರ್ಕದ ದೋಷ. ಅಂದ್ರ ಒಂದನೇ ಡಿಸ್ಕ್ ಬಹುಶಃ ಕೆಟ್ಟಿಲ್ಲ, ಡಬ್ಬಿ ಅದನ್ನ ಹೊರಗ ಹಾಕೈತಿ. ಆದ್ರೂ ಅದನ್ನ ಒತ್ತಾಯದಿಂದ ಅರೇದೊಳಗ (ರೇಡ್ ಗುಂಪಿನ್ಯಾಗ) ಸೇರಿಸಬ್ಯಾಡ್ರಿ, ಕೆಂಪು ಲೈಟ್ ಬಂದ ಮ್ಯಾಲ ಬರದದ್ದು ಅದರಾಗ ಇಲ್ಲ. ಕ್ಲೋನ್ ಮಾತ್ರ ಮಾಡ್ರಿ. ಮೂರನೇದರಾಗ ಓದಾಕ ಬರದ 38 ಎಂಬಿಯನ್ನ 1, 2, 4ರ ಇಮೇಜ್ ಕೂಡಿಸಿ ಲೆಕ್ಕ ಹಾಕಿ ತಗೀಬಹುದು. ಆ ಜಾಗ ನಿನ್ನೆ ರಾತ್ರಿಯಿಂದ ಮುಟ್ಟದ ಹಳೇ ಮದುವಿ ಆಗಿದ್ರ ಪೂರ್ತಿ ಸಿಗತೈತಿ.

ಈಗ ಮೂರನೇದಕ್ಕ "ಆರ್ 3" ಸುತ್ತು ಓಡಸ್ರಿ, ಎದುರಿಗೆ ಟೇಬಲ್ ಫ್ಯಾನ್ ಇಡ್ರಿ. ಆಮ್ಯಾಲ 2, 4, ಕಡೀಗೆ 1. ನಾಲ್ಕೂ ಇಮೇಜ್ ಆದ ಮ್ಯಾಲ ರೀಡ್ ಓನ್ಲಿ ಲೂಪ್ (ಇಮೇಜ್ ಫೈಲನ್ನ ಬರಿಯಾಕ ಬರದ ಡಿಸ್ಕಿನಂಗ ತೋರಸೂದು) ಮಾಡಿ ಎಂಡಿಎಡಿಎಂ ಅನ್ನೂ ಲಿನಕ್ಸ್ ಸಾಫ್ಟ್‌ವೇರ್‌ನಿಂದ "ಅಸೆಂಬಲ್" ಮಾಡೂನು. "ಕ್ರಿಯೇಟ್" ಅಂತ ಯಾರ ಹೇಳಿದ್ರೂ ಟೈಪ್ ಮಾಡಬ್ಯಾಡ್ರಿ, ಅದು ಹೊಸಾ ಅರೇ ಬರೀತೈತಿ.

ಜಮಖಂಡಿ ಸ್ಟುಡಿಯೊ: ಆತ್ರಿ ಮೇಡಂ. ನಮ್ಮ ಹುಡುಗ ವಿಂಡೋಸ್‌ದಾಗ ಒಂದು ರಿಕವರಿ ಸಾಫ್ಟ್‌ವೇರ್ ಹಾಕಿ ನೋಡೂನು ಅಂತಾನ.

ಸ್ಟೋರೇಜ್ ಇಂಜಿನಿಯರ್: ಇಮೇಜ್ ಮ್ಯಾಲ ಏನರ ಮಾಡಲಿ. ಮೂಲ ಡಿಸ್ಕ್ ನಾಲ್ಕೂ ಕಪಾಟದಾಗ ಇಟ್ಟು ಕೀಲಿ ಹಾಕ್ರಿ.

ಮಹಾಲಿಂಗಪುರ: ಮೇಡಂ, ಪೈ ನಡೀತೈತಾ?

ನವನಗರ: ಮ್ಯಾಲ ಓದ್ರಿ, ಮೂರನೇ ಸಲ ಇದು.

ಸ್ಟೋರೇಜ್ ಇಂಜಿನಿಯರ್: ಜಮಖಂಡಿಯವರ, ಎರಡನೇ ಡಿಸ್ಕ್ ಹಚ್ಚೂಕಿಂತ ಮದ್ಲ ಮೂರನೇದರ ಮ್ಯಾಪ್ ಫೈಲ್‌ದ ಒಂದು ಕಾಪಿ ಮೊಬೈಲ್‌ಗೂ ಹಾಕಿಟ್ಕೋರಿ, ಕೆಟ್ಟ ಜಾಗದ ಪಟ್ಟಿ ಅದರಾಗ ಐತಿ.