ಕಾಲುವೆಯ ನೀಲಿ-ಹಸಿರು ಬಣ್ಣದ ಪಾಚಿ ಕೆಂಪು ಪಾಚಿಯೇ? ಚೀಟಿಯಲ್ಲಿ ಯಾವ ವರ್ಗ ಬರೆಯಬೇಕು?

ಗಂಗಾವತಿ_ಬಾಟನಿ:
ತುಂಗಭದ್ರಾ ಎಡದಂಡೆಯ ಒಂದು ಉಪಕಾಲುವೆಯಲ್ಲಿ, ನೀರು ಧುಮುಕುವ ಜಾಗದ ಕಲ್ಲುಗಳ ಮೇಲೆ ಗೇಣುದ್ದದ ನೀಲಿ-ಹಸಿರು ಎಳೆಗಳು ಸಿಕ್ಕಿವೆ. ಕವಲು ಬಹಳ, ಬುಡ ಗಟ್ಟಿ, ತುದಿ ನವಿರು. ಹೊರಗಿನಿಂದ ಕ್ಲಾಡೋಫೋರಾ ಎಂಬ ಹಸಿರು ಪಾಚಿಯಂತೆ ಕಂಡರೂ ಸೂಕ್ಷ್ಮದರ್ಶಕದಲ್ಲಿ ದಪ್ಪ ಎಳೆಗಳ ಮೇಲೆ ಸಣ್ಣ ಕೋಶಗಳ ಹೊದಿಕೆ ಇದೆ. ಸಿಹಿನೀರಿನ ಕೆಂಪು ಪಾಚಿ ಕಾಂಪ್ಸೊಪೋಗಾನ್ ಇರಬಹುದೇ? ಕಾಲೇಜು ಲ್ಯಾಬ್‌ನಲ್ಲೇ ಖಚಿತ ಮಾಡಿಕೊಳ್ಳುವುದು ಹೇಗೆ? ಇನ್ನೊಂದು: ನೋಟ್ಸ್‌ನಲ್ಲಿ ಕೆಂಪು ಪಾಚಿಗೆ ಬ್ಯಾಂಗಿಯಾಯ್ಡಿ, ಫ್ಲೋರಿಡಿ ಎಂದು ಎರಡೇ ಉಪವರ್ಗ, ಈಚಿನ ಲೇಖನಗಳಲ್ಲಿ ಏಳು ವರ್ಗ. ಹರ್ಬೇರಿಯಂ (ಒಣಗಿಸಿಟ್ಟ ಮಾದರಿಗಳ ಸಂಗ್ರಹ) ಚೀಟಿಯಲ್ಲಿ ಯಾವುದು ಇರಲಿ?

ರಾಯಚೂರು_ಶೈವಲ:
ಸರ್, ನೀವು ಹೇಳಿದ ಹೊದಿಕೆಯೇ ದೊಡ್ಡ ಸುಳಿವು. ಕ್ಲಾಡೋಫೋರಾ ಬುಡದಿಂದ ತುದಿಯವರೆಗೆ ಒಂದೇ ಸಾಲಿನ ಕೋಶ. ಕಾಂಪ್ಸೊಪೋಗಾನ್‌ನಲ್ಲಿ ತುದಿ ಮಾತ್ರ ಒಂಟಿ ಸಾಲು. ಕೆಳಗೆ ಬಂದಂತೆ ನಡುವೆ ದೊಡ್ಡ ಕೋಶ, ಸುತ್ತ ಸಣ್ಣ ಕೋಶಗಳ ಪದರ. ಬುಡದ ಕಡೆಯಿಂದ ಬ್ಲೇಡಿನಲ್ಲಿ ಅಡ್ಡ ಸೀಳು ತೆಗೆಯಿರಿ.

ಆಮೇಲೆ ಅಯೋಡಿನ್-ಪೊಟ್ಯಾಶಿಯಂ ಅಯೊಡೈಡ್ ದ್ರಾವಣ ಒಂದು ಹನಿ. ಹಸಿರು ಪಾಚಿಯ ಪಿಷ್ಟ ಕಡುನೀಲಿಗೆ ತಿರುಗುತ್ತದೆ. ಕೆಂಪು ಪಾಚಿಯ ಫ್ಲೋರಿಡಿಯನ್ ಪಿಷ್ಟ ಕಂದು-ಕೆಂಪಾಗುತ್ತದೆ, ಅದೂ ಹರಿತ್ತುಕಣದ ಒಳಗಲ್ಲ, ಹೊರಗೆ. ಎಳೆಗೆ ಅಂಟಿದ ಬೇರೆ ಹಸಿರು ಪಾಚಿಯೇ ನೀಲಿಯಾಗಿ ದಾರಿ ತಪ್ಪಿಸುವುದು ಹೆಚ್ಚು, ಅದಕ್ಕೆ ಮೊದಲು ಬ್ರಷ್‌ನಿಂದ ಚೆನ್ನಾಗಿ ತೊಳೆಯಬೇಕು.

ಬಣ್ಣದ ಪರೀಕ್ಷೆಗೆ ಒಂದು ಹಿಡಿ ಎಳೆಯನ್ನು ಪಿಎಚ್ 7ರ ಸುಮಾರಿನ ಫಾಸ್ಫೇಟ್ ಬಫರ್‌ನಲ್ಲಿ ಹಾಕಿ, ಎರಡು ಮೂರು ಸಲ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಕರಗಿಸಿ, ಸೋಸಿ. ನೀರು ನೀಲಿಯಾದರೆ ಅದು ಫೈಕೊಸಯಾನಿನ್ ಎಂಬ ನೀಲಿ ವರ್ಣದ್ರವ್ಯ. ಬಿಸಿ ಮಾಡಬೇಡಿ, ಪ್ರೋಟೀನು ಕೆಟ್ಟು ಬಣ್ಣ ಹೋಗುತ್ತದೆ. ಸಯನೋಬ್ಯಾಕ್ಟೀರಿಯಾ (ಹರಿತ್ತುಕಣವಿಲ್ಲದ ಬ್ಯಾಕ್ಟೀರಿಯಾ) ಕೂಡ ಇದೇ ನೀಲಿ ಕೊಡುವುದರಿಂದ ಇದೊಂದನ್ನೇ ನಂಬಿ ಕೂರಬಾರದು. ಕೋಶದ ಅಂಚಿಗೆ ಬಿಲ್ಲೆಯಾಕಾರದ ಹರಿತ್ತುಕಣಗಳು ಕಾಣಲೇಬೇಕು.

ಬಳ್ಳಾರಿ_ಮೈಕ್ರೋಸ್ಕೋಪ್:
ವರ್ಗದ ಪ್ರಶ್ನೆಗೆ ನನ್ನ ಉತ್ತರ. ಎರಡು ಏಳಾದದ್ದು ಯಾರದೋ ಹಟಕ್ಕಲ್ಲ. ಒಬ್ಬೊಬ್ಬರು ನೆಚ್ಚಿದ ಲಕ್ಷಣ ಬೇರೆ. 1813ರಲ್ಲಿ ಫ್ರಾನ್ಸಿನ ಲಾಮೂರೂ, 1836ರಲ್ಲಿ ಐರ್ಲೆಂಡಿನ ಹಾರ್ವೆ ಬಣ್ಣ ನೋಡಿ ಗುಂಪು ಮಾಡಿದರು. ಸಮುದ್ರದ ಮಟ್ಟಿಗೆ ಅದು ಬಹುಪಾಲು ನಡೆಯುತ್ತದೆ, ಸಿಹಿನೀರಿನಲ್ಲಿ ಕೈಕೊಡುತ್ತದೆ. ನಿಮ್ಮ ಎಳೆಗಳೇ ಸಾಕ್ಷಿ.

ನಿಜವಾದ ತಿರುವು ಕೊಟ್ಟವರು ಜರ್ಮನಿಯ ಫ್ರೀಡ್ರಿಷ್ ಶ್ಮಿಟ್ಸ್. ಫಲಿತ ಕೋಶಕೇಂದ್ರ ಕಾರ್ಪೊಗೋನಿಯಂನಿಂದ (ಹೆಣ್ಣು ಅಂಗ) ಆಕ್ಸಿಲಿಯರಿ ಕೋಶ ಎಂಬ ನೆರವಿನ ಕೋಶಕ್ಕೆ ದಾಟಿ, ಅಲ್ಲಿಂದ ಗೋನಿಮೊಬ್ಲಾಸ್ಟ್ ಎಳೆಗಳು ಬೆಳೆದು ಕಾರ್ಪೊಸ್ಪೋರ್ ಎಂಬ ಬೀಜಕಗಳಾಗುವುದನ್ನು ಗಮನಿಸಿ, 1880ರ ದಶಕದಲ್ಲಿ ಅದರ ಮೇಲೆಯೇ ಗಣಗಳನ್ನು ಕಟ್ಟಿದರು. ಸ್ವೀಡನ್ನಿನ ಲುಂಡ್‌ನಲ್ಲಿದ್ದ ಹೆರಾಲ್ಡ್ ಕಿಲಿನ್ ಅದನ್ನು ಇನ್ನೂ ಬಿಗಿ ಮಾಡಿದರು: ಆ ಆಕ್ಸಿಲಿಯರಿ ಕೋಶ ಎಲ್ಲಿ ಹುಟ್ಟುತ್ತದೆ, ಫಲೀಕರಣಕ್ಕೆ ಮೊದಲೋ ನಂತರವೋ? ಸೆರಾಮಿಯೇಲ್ಸ್ ಗಣದಲ್ಲಿ ಫಲೀಕರಣದ ನಂತರ, ಆಧಾರ ಕೋಶದಿಂದ ಕತ್ತರಿಸಿಕೊಂಡು ಬರುತ್ತದೆ. ರೋಡಿಮೇನಿಯೇಲ್ಸ್‌ನಲ್ಲಿ ಮೊದಲೇ ಇರುತ್ತದೆ. 1949ರಲ್ಲಿ ತೀರಿಕೊಂಡ ಕಿಲಿನ್‌ರ ದೊಡ್ಡ ಗ್ರಂಥ 1956ರಲ್ಲಿ ಬಂತು. ಇಷ್ಟು ಸೂಕ್ಷ್ಮ ಕೆಲಸ ಬರೀ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಆಗಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು.

ಆದರೆ ಈ ಅಳತೆಗೋಲು ಕಾರ್ಪೊಗೋನಿಯಂ ಇದ್ದರೆ ಮಾತ್ರ ಉಪಯೋಗ. ಕಾಂಪ್ಸೊಪೋಗಾನ್ ಬೆಳೆಯುವುದು ಫಲೀಕರಣವಿಲ್ಲದೆ ಹುಟ್ಟುವ ಬೀಜಕಗಳಾದ ಮೊನೊಸ್ಪೋರ್‌ಗಳಿಂದ. ಇಂಥವನ್ನೆಲ್ಲ ಬ್ಯಾಂಗಿಯಾಯ್ಡಿ ಎಂಬ ಒಂದೇ ಚೀಲಕ್ಕೆ ತುಂಬಿದ್ದರು. ಫ್ರಿಟ್ಶ್‌ರ 1945ರ ಪಾಚಿ ಗ್ರಂಥದ ಎರಡನೇ ಸಂಪುಟದ ಎರಡು ಉಪವರ್ಗಗಳು ಅಲ್ಲಿಂದಲೇ ನಮ್ಮ ನೋಟ್ಸ್‌ಗೆ ಇಳಿದವು. 1949ರಲ್ಲಿ ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ, ಚಿಪ್ಪಿನೊಳಗೆ ಬೆಳೆಯುವ ಕಾಂಕೊಸೆಲಿಸ್ ಬೇರೆ ಪಾಚಿಯಲ್ಲ, ಬ್ಯಾಂಗಿಯಾಯ್ಡಿಗೆ ಸೇರಿಸಿದ್ದ ಪೋರ್ಫೈರಾದ್ದೇ ಒಂದು ಹಂತ ಎಂದು ತೋರಿಸಿದರು. ಆ ಹಂತದ ಎಳೆಗಳಲ್ಲಿ ಫ್ಲೋರಿಡಿಯ ಗುರುತೆಂದು ಓದಿಸುತ್ತಿದ್ದ ಪಿಟ್ ಕನೆಕ್ಷನ್ (ಅಕ್ಕಪಕ್ಕದ ಕೋಶಗಳ ನಡುವಿನ ಜೋಡಣೆ) ಸಿಕ್ಕಿತು, ಎರಡು ಉಪವರ್ಗಗಳ ನಡುವಿನ ಗೋಡೆ ಬಿರುಕು ಬಿಟ್ಟಿತು. 1982ರಲ್ಲಿ ಪುಶೆಲ್ ಮತ್ತು ಕೋಲ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಜೋಡಣೆಯನ್ನು ಮುಚ್ಚುವ ಪಿಟ್ ಪ್ಲಗ್ಗಿನ ರಚನೆ ನೋಡಿ ಬ್ಯಾಟ್ರಕೊಸ್ಪರ್ಮೇಲ್ಸ್ ಗಣವನ್ನು ಬೇರೆ ಮಾಡಿದರು. 2004ರಲ್ಲಿ ಸಾಂಡರ್ಸ್ ಮತ್ತು ಹೊಮ್ಮರ್ಸ್ಯಾಂಡ್ ಕಾಂಪ್ಸೊಪೋಗೊನೊಫೈಸಿ ವರ್ಗ ಸ್ಥಾಪಿಸಿದರು; 2006ರಲ್ಲಿ ಯೂನ್ ಮತ್ತು ಸಂಗಡಿಗರು ಡಿಎನ್‌ಎ ಆಧಾರದಲ್ಲಿ ಏಳು ವರ್ಗ ಮುಂದಿಟ್ಟರು.

ಗಂಗಾವತಿ_ಬಾಟನಿ:
ಅಡ್ಡ ಸೀಳಿನಲ್ಲಿ ನಡುಕೋಶ ಸ್ಪಷ್ಟ, ಸುತ್ತ ಎರಡು ಪದರ. ಅಯೋಡಿನ್‌ಗೆ ಕಂದು-ಕೆಂಪು. ಪದರ ಎಣಿಸಿ ಪ್ರಭೇದ ಹೇಳಬಹುದೇ?

ಬಳ್ಳಾರಿ_ಮೈಕ್ರೋಸ್ಕೋಪ್:
ಬೇಡ ಸರ್. ಒಂದೇ ಗಿಡದ ಬುಡದಲ್ಲಿ ಹೆಚ್ಚು ಪದರ, ಮೇಲೆ ಕಡಿಮೆ, ವಯಸ್ಸಿನೊಂದಿಗೆ ಬದಲಾಗುತ್ತದೆ. ನಮ್ಮವರೇ ಆದ ವಿ. ಕೃಷ್ಣಮೂರ್ತಿ 1962ರಲ್ಲಿ ಈ ಕುಲದ ರಚನೆ, ವರ್ಗೀಕರಣವನ್ನು ವಿವರವಾಗಿ ಬರೆದಿದ್ದಾರೆ, ಚಿತ್ರಗಳಿಗಾಗಿಯಾದರೂ ಹುಡುಕಿ ನೋಡಿ. 2013ರಲ್ಲಿ ಹಲವು ದೇಶಗಳ ಮಾದರಿಗಳ ಡಿಎನ್‌ಎ ಹೋಲಿಸಿದಾಗ ವ್ಯತ್ಯಾಸ ತೀರಾ ಕಡಿಮೆ ಕಂಡು, ಎಲ್ಲವನ್ನೂ ಕಾಂಪ್ಸೊಪೋಗಾನ್ ಸೆರೂಲಿಯಸ್ ಎಂಬ ಒಂದೇ ಪ್ರಭೇದವಾಗಿ ಪರಿಗಣಿಸಿದರು. ಚೀಟಿಯಲ್ಲಿ ಆ ಹೆಸರು, ಗಣ ಕಾಂಪ್ಸೊಪೋಗೊನೇಲ್ಸ್, ವರ್ಗ ಕಾಂಪ್ಸೊಪೋಗೊನೊಫೈಸಿ. ಕೆಳಗೆ ಚಿಕ್ಕದಾಗಿ ‘ಫ್ರಿಟ್ಶ್: ಬ್ಯಾಂಗಿಯಾಯ್ಡಿ’ ಎಂದಿರಲಿ, ಪರೀಕ್ಷೆಗೆ ಓದುವವರಿಗೆ ಅದೂ ಬೇಕು.

ರಾಯಚೂರು_ಶೈವಲ:
ಮಾದರಿಯನ್ನು ಎರಡು ಭಾಗ ಮಾಡಿ. ಒಂದು ಭಾಗ ಒಂದು ಪಾಲು ಫಾರ್ಮಲಿನ್‌ಗೆ ಒಂಬತ್ತು ಪಾಲು ನೀರಿನಲ್ಲಿ, ಕತ್ತಲೆಯಲ್ಲಿ. ಇನ್ನೊಂದನ್ನು ಒತ್ತಿ ನೀರು ತೆಗೆದು, ಫಾರ್ಮಲಿನ್ ಸೋಕಿಸದೆ ಸಿಲಿಕಾ ಜೆಲ್‌ನಲ್ಲಿ ಒಣಗಿಸಿಡಿ; ಮುಂದೆ ಡಿಎನ್‌ಎ ಕೆಲಸಕ್ಕೆ ಅದೇ ಬೇಕಾಗುತ್ತದೆ. ಕಾಲುವೆಗೆ ನೀರು ನಿಲ್ಲಿಸುವ ಮೊದಲೇ ಸಂಗ್ರಹಿಸಿ, ಒಣಗಿದ ಕಲ್ಲಿನ ಮೇಲೆ ಗುರುತಿಸುವಂಥದ್ದೇನೂ ಉಳಿಯುವುದಿಲ್ಲ.