ಪ್ರೆಸ್ಟ್‌ವಿಕ್‌ನಲ್ಲಿ ಹವ್ಯಾಸಿಗಳ ಗಾಲ್ಫ್ ದಿನ: ಬೆಳಗಾವಿಯಿಂದ ಹೊರಟವರು ಏನು ತಯಾರಿ ಮಾಡಿಕೊಳ್ಳಬೇಕು?

ಟಿಳಕವಾಡಿ, ಬೆಳಗಾವಿ:
ನಮಸ್ಕಾರ್ರಿ. ಜೂನ್ ಎರಡನೇ ವಾರ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಾಗ ಹವ್ಯಾಸಿಗಳ ಒಂದು ದಿನದ ಸ್ಪರ್ಧೆಗೆ ನಾವು ನಾಲ್ಕು ಮಂದಿ ಹೊಂಟೇವಿ. ಸ್ಟೇಬಲ್‌ಫೋರ್ಡ್ ಆಟ, ಅಂದ್ರ ಹೊಡೆತ ಎಣಿಸಿ ಹೋಲ್ ಹೋಲ್‌ಗೆ ಅಂಕ ಕೊಡೋದು; ಪ್ರತಿ ಹೋಲ್‌ಗೆ ತಂಡದ ಇಬ್ಬರ ಒಳ್ಳೆ ಅಂಕ ಹಿಡೀತಾರ. ನಮ್ಮ ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಕೊಡೋ ರಿಯಾಯಿತಿ ಹೊಡೆತ) 16ರಿಂದ 22. ಸಮುದ್ರದ ದಂಡ್ಯಾಗಿನ ಕೋರ್ಸ್‌ನಾಗ ಯಾರೂ ಆಡಿಲ್ಲ. ಕೈಯಾಗ ಎರಡು ತಿಂಗಳು ಐತಿ. ಏನು ರೂಢಿ ಮಾಡಬೇಕು, ಏನು ಒಯ್ಯಬೇಕು, ತಪ್ಪೋದು ಎಲ್ಲಿ, ಗೊತ್ತಿದ್ದವರು ತಿಳಸ್ರಿ.

ಕ್ಯಾಂಪ್, ಬೆಳಗಾವಿ:
ಮೊದಲು ನಿಮ್ಮ ದೂರದ ಲೆಕ್ಕ ಬದಲಿಸಿಕೊಳ್ಳಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ಇಲ್ಲಿಯ ಗಾಳಿ ತೆಳು, ಚೆಂಡು ಅಂದಾಜು ಶೇ. 3 ಹೆಚ್ಚು ಹಾರುತ್ತದೆ. ಪ್ರೆಸ್ಟ್‌ವಿಕ್ ಸಮುದ್ರದ ಅಂಚಿನಲ್ಲೇ ಇದೆ, ಜೂನ್‌ನಲ್ಲೂ ಹಗಲಿನ ಬಿಸಿ 16-17 ಡಿಗ್ರಿ. ತಂಪಿಗೆ ಚೆಂಡಿನ ಪುಟಿತ ಕಡಿಮೆ. ಎರಡೂ ಸೇರಿದರೆ ಇಲ್ಲಿ 150 ಗಜ ಹೋಗುವ ಐರನ್ (ಲೋಹದ ತಲೆಯ ಕ್ಲಬ್) ಹೊಡೆತ ಅಲ್ಲಿ 142-143 ಗಜಕ್ಕೆ ನಿಲ್ಲುತ್ತದೆ. ಗಾಳಿಯೇ ಇಲ್ಲದ ದಿನವೂ ಮುಕ್ಕಾಲು ಕ್ಲಬ್ ಹೆಚ್ಚು, ಅಂದರೆ ಇನ್ನಷ್ಟು ದೂರ ಹೊಡೆಯುವ ಕ್ಲಬ್ ಬೇಕು.

ಗಾಳಿ ಇಲ್ಲದ ದಿನ ಅಲ್ಲಿ ಅಪರೂಪ. ಹೆಚ್ಚಾಗಿ ಬೀಸುವುದು ನೈಋತ್ಯದಿಂದ. ಎದುರುಗಾಳಿಯ ಪ್ರತಿ ಮೈಲಿ ವೇಗಕ್ಕೆ ಶೇ. 1 ದೂರ ಕೂಡಿಸಿ, ಹಿಂದಿನ ಗಾಳಿಗೆ ಅದರ ಅರ್ಧ ಮಾತ್ರ ಕಳೆಯಿರಿ. ಗಂಟೆಗೆ 20 ಮೈಲಿ ಎದುರುಗಾಳಿಯಲ್ಲಿ 150 ಗಜ 180 ಗಜದಂತೆ ಆಡುತ್ತದೆ. ಇಲ್ಲೇ ಎಲ್ಲರೂ ತಪ್ಪುವುದು: ಗಾಳಿ ಎದುರಾದೊಡನೆ ಜೋರಾಗಿ ಬೀಸುತ್ತಾರೆ. ಜೋರಾದಷ್ಟೂ ಚೆಂಡಿಗೆ ಹಿಮ್ಮುಖ ಸುತ್ತು ಹೆಚ್ಚಿ, ಅದು ಮೇಲಕ್ಕೇರಿ ಅಲ್ಲೇ ಬೀಳುತ್ತದೆ. ಮೂರು ಕ್ಲಬ್ ದೊಡ್ಡದು ತಗೊಳ್ಳಿ, ಹಿಡಿತ ಒಂದು ಇಂಚು ಕೆಳಗೆ, ಚೆಂಡು ಒಂದು ಚೆಂಡಿನಷ್ಟು ಹಿಂದೆ, ಮುಕ್ಕಾಲು ಬೀಸು, ಕೈ ಎದೆಮಟ್ಟದಲ್ಲೇ ನಿಲ್ಲಬೇಕು. ದಿನಕ್ಕೆ 30 ಚೆಂಡು ಇದೊಂದನ್ನೇ ಹೊಡೆಯಿರಿ.

ಏಪ್ರಿಲ್-ಮೇ ಬಿಸಿಲಿಗೆ ನಮ್ಮ ಕೆಂಪು ನೆಲ ಗಟ್ಟಿಯಾಗಿರುತ್ತದಲ್ಲ, ಅದು ನಿಮಗೆ ಅನುಕೂಲವೇ. ಅಲ್ಲಿಯದು ಮರಳಿನ ಮೇಲೆ ಬೆಳೆದ ಸಣ್ಣ ಹುಲ್ಲು; ಗಟ್ಟಿ, ಚೆಂಡು ಓಡುತ್ತದೆ. ಎತ್ತರಕ್ಕೆ ಎಸೆಯುವುದನ್ನು ಮರೆತು ಉರುಳಿಸುವುದನ್ನು ಕಲಿಯಿರಿ. ಲೆಕ್ಕ ಸರಳ: 12ರಲ್ಲಿ ಐರನ್ ಸಂಖ್ಯೆ ಕಳೆಯಿರಿ. 7 ಐರನ್ ಆದರೆ ಒಂದು ಪಾಲು ಹಾರಾಟಕ್ಕೆ ಐದು ಪಾಲು ಓಟ, 9 ಆದರೆ ಮೂರು ಪಾಲು. ಗ್ರೀನ್‌ನಿಂದ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಹತ್ತು-ಹದಿನೈದು ಗಜ ಹೊರಗಿದ್ದರೂ ನಡುವೆ ಹುಲ್ಲು ಸಣ್ಣದಿದ್ದರೆ ಚೆಂಡು ಉರುಳಿಸುವ ಪಟ್ಟರೇ ಸರಿ. ಅಗಲ ತಳದ, 12 ಡಿಗ್ರಿಗಿಂತ ಹೆಚ್ಚು ಬೌನ್ಸ್ (ತಳದ ಕೋನ) ಇರುವ ವೆಜ್, ಅಂದರೆ ಹತ್ತಿರದ ಹೊಡೆತದ ಕ್ಲಬ್, ಅಲ್ಲಿ ನೆಲಕ್ಕೆ ಬಡಿದು ಪುಟಿದು ಚೆಂಡಿನ ನಡುವಿಗೆ ಹೊಡೆಯುತ್ತದೆ. 6-8 ಡಿಗ್ರಿಯದನ್ನು ಹೊಂದಿಸಿಕೊಳ್ಳಿ.

ನವನಗರ, ಬಾಗಲಕೋಟೆ:
ಕೋರ್ಸ್ ಬಗ್ಗೆ ನಾ ಹೇಳತೀನ್ರಿ. 1860ರಾಗ ಮೊದಲ ಓಪನ್ (ಗಾಲ್ಫಿನ ದೊಡ್ಡ ಚಾಂಪಿಯನ್‌ಶಿಪ್) ಆಗಿದ್ದು ಇಲ್ಲೇ. ಆಗ 12 ಹೋಲ್, ಎಂಟು ಮಂದಿ ಒಂದೇ ದಿನ ಮೂರು ಸುತ್ತು ಆಡಿದ್ರು, ವಿಲ್ಲಿ ಪಾರ್ಕ್ 174ಕ್ಕ ಗೆದ್ರು. 1925ರ ತನಕ 24 ಓಪನ್ ಆದವು. ಹಳೆ ಕೋರ್ಸಿನ ಮೊದಲನೇ ಟೀ (ಹೋಲ್‌ನ ಮೊದಲ ಹೊಡೆತದ ಜಾಗ) ಇದ್ದ ಕಡೆ ಕಲ್ಲಿನ ಗುರುತು ಐತಿ, ಅಲ್ಲಿಂದ ಗ್ರೀನ್ 578 ಗಜ. 1870ರಾಗ ಯಂಗ್ ಟಾಮ್ ಮಾರಿಸ್ ಅದನ್ನ ಮೂರೇ ಹೊಡೆತಕ್ಕ ಮುಗಿಸಿದ್ರು, ಅದೂ ಕಟ್ಟಿಗೆ ಹಿಡಿಕಿ ಕ್ಲಬ್ ಮತ್ತ ಗಟ್ಟಾ-ಪರ್ಚಾ ಚೆಂಡಿನಿಂದ. ಆ ಕಲ್ಲಿನ ಹತ್ರ ಒಂದು ಗಳಿಗಿ ನಿಂದರ್ರಿ.

ಈಗ ಆಟ. ಒಂದನೇ ಹೋಲ್ ಬರೇ 346 ಗಜ, ಆದ್ರ ಬಲಗಡೆ ಉದ್ದಕ್ಕೂ ಕಲ್ಲಿನ ಗ್ವಾಡಿ, ಅದರಾಚೆ ರೈಲು ಹಳಿ. ಆಚೆ ಹೋದ್ರ ಔಟ್. ಒಂದು ಹೊಡೆತದ ದಂಡ, ಮತ್ತ ಮೊದಲು ಹೊಡೆದ ಜಾಗದಿಂದನ ಹೊಡಿಬೇಕು. ಸಮುದ್ರ ಎಡಕ್ಕ, ಹಂಗಾಗಿ ಗಾಳಿ ಚೆಂಡನ್ನ ಹಳಿ ಕಡೆನ ನೂಕತೈತಿ. ಡ್ರೈವರ್ (ಅತಿ ದೂರ ಹೊಡಿಯೋ ಕ್ಲಬ್) ಚೀಲದಾಗ ಇರಲಿ. 180-190 ಗಜದ ಹೈಬ್ರಿಡ್ ಎಡಕ್ಕ ಗುರಿ ಇಟ್ಟು ಹೊಡೀರಿ.

ಮೂರನೇದ್ರಾಗ ಕಾರ್ಡಿನಲ್ ಬಂಕರ್ (ಮರಳಗುಂಡಿ), ಫೇರ್‌ವೇಗೆ ಅಡ್ಡ, ಎದುರಿಗೆ ರೈಲಿನ ಹಳೆ ಕಟ್ಟಿಗಿ ದಿಮ್ಮಿ ಜೋಡ್ಸಿದ ಗ್ವಾಡಿ. ದಾಟೋದು ಖಾತ್ರಿ ಇಲ್ಲಂದ್ರ ಮುಂಚೆನ ನಿಲ್ಲಸ್ರಿ. ಒಳಗ ಬಿದ್ರ ದಿಮ್ಮಿ ಮ್ಯಾಲೆ ಹಾರಸಾಕ ಹೋಗಬ್ಯಾಡ್ರಿ, ಚೆಂಡು ದಿಮ್ಮಿಗೆ ಬಡದು ನಿಮ್ಮ ಮೈಮ್ಯಾಲನ ಬರತೈತಿ. ಪಕ್ಕಕ್ಕ ಇಲ್ಲಾ ಹಿಂದಕ್ಕ ತಗೀರಿ.

ಐದನೇದರ ಹೆಸರು ಹಿಮಾಲಯ. 206 ಗಜದ ಪಾರ್ 3 (ಮೂರು ಹೊಡೆತಕ್ಕ ಮುಗಿಬೇಕಾದ ಹೋಲ್), ನಡುವ ದೊಡ್ಡ ಮರಳಗುಡ್ಡ, ಗ್ರೀನ್ ಕಾಣೋದೇ ಇಲ್ಲ. ಚೀಲ ಹೊರೋ ಕ್ಯಾಡಿ ತೋರಿಸಿದ ದಿಕ್ಕು ನಂಬ್ರಿ. ಆಡಿ ಮುಗಿಸಿ ಹೊಂಟಾಗ ಅಲ್ಲಿ ಗಂಟಿ ಐತಿ, ಬಾರಸ್ರಿ. ಮರೆತ್ರ ಹಿಂದಿನವರು ಕಾದು ಕುಂದರತಾರ, ಇಲ್ಲಾ ನೀವಿದ್ದಾಗನ ಹೊಡೀತಾರ. 17ನೇದು ಆಲ್ಪ್ಸ್, ಎರಡನೇ ಹೊಡೆತ ಗುಡ್ಡದ ಮ್ಯಾಲಿಂದ, ಗ್ರೀನ್ ಮುಂದ ಸಹಾರಾ ಅನ್ನೋ ಆಳದ ಬಂಕರ್. ಅಲ್ಲಿ ಕಡಿಮಿ ಬೀಳೋದಕ್ಕಿಂತ ಹೆಚ್ಚಾಗೋದು ಪಾಡು, ಒಂದು ಕ್ಲಬ್ ದೊಡ್ಡದು ತಗೋರಿ.

ಟಿಳಕವಾಡಿ, ಬೆಳಗಾವಿ:
ಉಪಕಾರ ಆತ್ರಿ. ಆ ಬಂಕರ್‌ನಾಗ ಆಡಾಕ ಬರದಂಗ ಆದ್ರ ನಿಯಮ ಏನು? ಮತ್ತ ಹ್ಯಾಂಡಿಕ್ಯಾಪ್ ಅಲ್ಲಿ ಹೆಂಗ ಹಿಡೀತಾರ?

ವಿಜಯಪುರ:
ಆಡಲಿಕ್ಕೆ ಬಾರದ ಚೆಂಡು ಅಂತ ನೀವೇ ಹೇಳಬಹುದು. ಒಂದು ದಂಡಕ್ಕೆ ಬಂಕರ್ ಒಳಗೇ ಎರಡು ಕ್ಲಬ್ ಅಳತೆಯಲ್ಲಿ, ಅಥವಾ ಧ್ವಜದ ನೇರಕ್ಕೆ ಹಿಂದೆ ಬಂಕರ್ ಒಳಗೇ ಬಿಡಬಹುದು. ಹಿಂದೆ ಹೊಡೆದ ಜಾಗಕ್ಕೆ ಹೋದರೂ ಒಂದೇ ದಂಡ. ಬಂಕರ್ ಹೊರಗೆ ಅದೇ ನೇರಕ್ಕೆ ಬಿಡಬೇಕೆಂದರೆ ಎರಡು. ಕಾಣದ ಹೋಲ್‌ಗಳಲ್ಲಿ ಚೆಂಡು ಸಿಗದ ಅನುಮಾನವಿದ್ದರೆ ಮುಂದೆ ಹೋಗುವ ಮೊದಲೇ "ಪ್ರಾವಿಷನಲ್" (ತಾತ್ಕಾಲಿಕ ಚೆಂಡು) ಅನ್ನುವ ಮಾತು ಬಾಯಲ್ಲಿ ಹೇಳಿ ಇನ್ನೊಂದು ಹೊಡೆಯಿರಿ. ಹೇಳದೆ ಹೊಡೆದರೆ ಮೊದಲ ಚೆಂಡು ಸಿಕ್ಕರೂ ಆಟದಲ್ಲಿಲ್ಲ. ಹುಡುಕಲು ಮೂರೇ ನಿಮಿಷ.

ಹ್ಯಾಂಡಿಕ್ಯಾಪ್: ನಿಮ್ಮ ಹ್ಯಾಂಡಿಕ್ಯಾಪ್ ಸೂಚ್ಯಂಕವನ್ನು ಆ ಟೀಯ ಸ್ಲೋಪ್‌ನಿಂದ (ಸಾಮಾನ್ಯ ಆಟಗಾರರಿಗೆ ಎಷ್ಟು ಕಠಿಣ ಅನ್ನುವ ಸಂಖ್ಯೆ) ಗುಣಿಸಿ 113ರಿಂದ ಭಾಗಿಸುತ್ತಾರೆ, ಕೋರ್ಸ್ ರೇಟಿಂಗ್‌ನಿಂದ (ನುರಿತವರಿಗೆ ಬೇಕಾಗುವ ಹೊಡೆತದ ಅಂದಾಜು) ಪಾರ್ ಕಳೆದು ಉಳಿದದ್ದನ್ನು ಕೂಡಿಸುತ್ತಾರೆ. ನಾಲ್ವರಲ್ಲಿ ಇಬ್ಬರ ಅಂಕಕ್ಕೆ ಶಿಫಾರಸಾದದ್ದು ಅದರ ಶೇ. 85. ರೇಟಿಂಗ್, ಪಾರ್ ಸಮ ಇದ್ದು ಸ್ಲೋಪ್ 130 ಅಂತ ಹಿಡಿದರೆ, 18.0 ಇದ್ದವರಿಗೆ 20.7, ಅದರ ಶೇ. 85 ಅಂದರೆ 17.6, ಪೂರ್ಣಾಂಕಕ್ಕೆ 18. ಆಯೋಜಕರು ಬೇರೆ ಇಟ್ಟಿರಬಹುದು, ಪತ್ರ ಬರೆದು ಕೇಳಿ. ಕ್ಲಬ್ ಕಾರ್ಯದರ್ಶಿಯಿಂದ ಪ್ರಮಾಣಪತ್ರ ಈಗಲೇ ತಗೊಳ್ಳಿ. ನಿಮಗೆ ಸಿಗುವ ರಿಯಾಯಿತಿ ಹೊಡೆತ ಕಳೆದ ಮೇಲೂ ಪಾರ್‌ಗಿಂತ ಎರಡು ಹೆಚ್ಚಾದರೆ ಅಂಕ ಸೊನ್ನೆ. ಅಲ್ಲಿಗೆ ಬಂದೊಡನೆ ಚೆಂಡು ಎತ್ತಿ. ಇಬ್ಬರು ಭದ್ರವಾಗಿ ಆಡುತ್ತಿದ್ದರೆ ಮಾತ್ರ ಉಳಿದಿಬ್ಬರು ಧೈರ್ಯ ಮಾಡಬೇಕು.

ಶಹಾಪುರ, ಬೆಳಗಾವಿ:
ಸಾಮಾನಿನ ಮಾತು. ಸಾಂಬ್ರಾ ವಿಮಾನ ನಿಲ್ದಾಣದಿಂದ ಬೇರೆ ಟಿಕೆಟ್ ಮಾಡಿಸಿದರೆ ದೇಶದೊಳಗೆ ಸಾಮಾನ್ಯವಾಗಿ 15 ಕೆ.ಜಿ. ಮಿತಿ, ಗಾಲ್ಫ್ ಚೀಲವೇ ಅಷ್ಟು ತೂಗುತ್ತದೆ. ಒಂದೇ ಟಿಕೆಟ್‌ನಲ್ಲಿ ಕೊನೆವರೆಗೆ ಮಾಡಿಸಿ, ಸಣ್ಣ ವಿಮಾನದಲ್ಲಿ ಚೀಲದ ಉದ್ದ ಹಿಡಿಯುತ್ತದೆಯೇ ಎಂದು ವಿಮಾನದವರನ್ನು ಕೇಳಿ. ಡ್ರೈವರ್ ತಲೆ ಬಿಚ್ಚಿ ಕಾಲುಚೀಲದಲ್ಲಿ ಸುತ್ತಿ. ಚೀಲದ ನಡುವೆ ಕ್ಲಬ್‌ಗಳಿಗಿಂತ ಎರಡು ಇಂಚು ಎತ್ತರದ ಗಟ್ಟಿ ಕೋಲು ನಿಲ್ಲಿಸಿ. ಚೀಲ ತಲೆಕೆಳಗಾಗಿ ಬಿದ್ದರೆ ಪೆಟ್ಟು ಅದು ತಿನ್ನುತ್ತದೆ, ಶಾಫ್ಟ್ ಮುರಿಯುವುದಿಲ್ಲ. ದೂರಮಾಪಕದ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ.

ಮಳೆ ಅಲ್ಲಿ ನಮ್ಮ ಜುಲೈ ತಿಂಗಳ ಜಿಟಿಜಿಟಿಯಂತೆ, ಆದರೆ ಅಡ್ಡಡ್ಡ ಬರುತ್ತದೆ. ಛತ್ರಿ ತಿರುವಿ ಹೋಗುತ್ತದೆ. ನೀರು ಹಿಡಿಯದ ಕೋಟು-ಪ್ಯಾಂಟು, ಎರಡೂ ಕೈಗೆ ಮಳೆ ಗ್ಲೌಸ್, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಒಣ ಟವೆಲ್. ಜೀನ್ಸ್ ಬೇಡ. ಹಳೆ ಕ್ಲಬ್‌ಗಳ ಊಟದ ಕೋಣೆಗೆ ಜಾಕೆಟ್, ಟೈ ಕೇಳುವುದುಂಟು, ಒಂದೊಂದು ಇಟ್ಟುಕೊಳ್ಳಿ. ಸಸ್ಯಾಹಾರಿಗಳಿದ್ದರೆ ಎರಡು ವಾರ ಮೊದಲೇ ಬರೆಯಿರಿ. ಗ್ಲಾಸ್ಗೋ ಸೆಂಟ್ರಲ್‌ನಿಂದ ರೈಲು ಮುಕ್ಕಾಲು ಗಂಟೆಯ ದಾರಿ. ಪ್ರೆಸ್ಟ್‌ವಿಕ್ ಟೌನ್ ನಿಲ್ದಾಣ ಕೋರ್ಸ್ ಪಕ್ಕದಲ್ಲೇ ಇದೆ.

ಇನ್ನೊಂದು. ಅಲ್ಲಿಯವರಿಗೆ ಕೊಡಲು ಕುಂದಾ ಒಯ್ಯುವ ಮನಸ್ಸಾಗುತ್ತದೆ. ಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಬ್ರಿಟನ್‌ಗೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ. ತುಪ್ಪ ಹಾಕಿದ ಕರದಂಟಿಗೂ ಅದೇ ಮಾತು. ಬೆಲ್ಲದ ಶೇಂಗಾ ಚಿಕ್ಕಿ ನಡೆಯುತ್ತದೆ. ಒಂಬತ್ತು ಹೋಲ್ ಆದಮೇಲೆ ಕ್ಯಾಡಿಗೂ ಒಂದು ಕೊಡಿ.