ಅಪ್‌ಡೇಟ್: ಎನ್‌ಎಸ್‌ಎಸ್ ಮತ್ತು ನಾಟಕ ಎರಡನ್ನೂ ಉಳಿಸಿಕೊಂಡೆ

ಧಾರವಾಡದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿರುವ ನಾನು, ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಮತ್ತು ಕಾಲೇಜಿನ ನಾಟಕ ತಂಡ ಎರಡರಲ್ಲೂ ಮುಂದುವರಿಯಬಹುದೇ, ಒಂದನ್ನು ಬಿಡಬೇಕೇ ಎಂದು ಆರು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಎರಡು ವರ್ಷಕ್ಕೆ 240 ಗಂಟೆಗಳ ಸೇವೆ, ಜೊತೆಗೆ 7 ದಿನಗಳ ವಿಶೇಷ ಶಿಬಿರ ಎಂಬ ಲೆಕ್ಕವೇ ನನ್ನನ್ನು ಹೆದರಿಸಿತ್ತು. ಶಿಬಿರ ಮುಗಿಸಿ ಬಂದು ನಿರ್ಧರಿಸು ಎಂದು ನಿಮ್ಮಲ್ಲೊಬ್ಬರು ಹೇಳಿದ್ದನ್ನು ಪಾಲಿಸಿದೆ.

ಶಿಬಿರ ನಡೆದದ್ದು ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹಗಲು ಶಾಲೆಯ ಅಂಗಳ, ಗಟಾರಗಳನ್ನು ಸ್ವಚ್ಛಗೊಳಿಸಿ, ಸಂಜೆ ಬಾಲ್ಯವಿವಾಹದ ವಿರುದ್ಧ ನಾವೇ ಬರೆದ ಬೀದಿನಾಟಕ ಆಡುತ್ತಿದ್ದೆವು. ಮೂರನೆಯ ಸಂಜೆ, ಎರೆಮಣ್ಣು ಅಂಟಿದ ಕಾಲಿನಲ್ಲೇ ಗುಡಿಯ ಮುಂದೆ ನಿಂತಿದ್ದ ನನಗೆ ಮಾತು ಪೂರ್ತಿ ಮರೆತುಹೋಯಿತು. ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು, "ಹೆದರಬ್ಯಾಡ ಯವ್ವಾ, ಮನ್ಯಾಗ ಮಾತಾಡಿದಂಗ ಮಾತಾಡು" ಎಂದರು. ಹಾಗೆಯೇ ಮಾತಾಡಿದೆ; ಬರೆದಿಟ್ಟ ಸಂಭಾಷಣೆಗಿಂತ ಅದೇ ಚೆನ್ನಾಗಿತ್ತೆಂದು ಈಗಲೂ ನಂಬಿದ್ದೇನೆ.

ಈಗ ಸೇವೆಯನ್ನು ಭಾನುವಾರಕ್ಕೆ, ತಾಲೀಮನ್ನು ಸಂಜೆಗೆ ಹೊಂದಿಸಿಕೊಂಡಿದ್ದೇನೆ. ಒಂದು ಆಂತರಿಕ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಯುವಜನೋತ್ಸವದ ನಾಟಕದಲ್ಲಿ ನನಗೆ ಅಜ್ಜಿಯ ಪಾತ್ರವೇ ಸಿಕ್ಕಿದ್ದು, ಆ ಹಳ್ಳಿಯ ಅಜ್ಜಿ ಸೆರಗು ಸರಿಪಡಿಸಿಕೊಳ್ಳುತ್ತಿದ್ದ ರೀತಿಯನ್ನು ದಿನವೂ ಅಭ್ಯಾಸ ಮಾಡುತ್ತಿದ್ದೇನೆ.